ಅಜ್ಜಿಯ ಸೀನು

ಹುಲಿಕುಂಟೆಯ ಓಬಳಮ್ಮನಿಗೆ ಮೊಮ್ಮಗಳು ಮಧುಶ್ರೀ ಅಂದರೆ ಪ್ರಾಣ. ಅಜ್ಜಿಯ ಕಂಬಳಿಯೊಳಗೆ ನುಸುಳದೆ ಆ ಮಗು ನಿದ್ದೆ ಮಾಡಿದ್ದೇ ಇಲ್ಲ. ಅದಕ್ಕೆ ಏನೇ ಬಂದರೂ ಮದ್ದು ಅಜ್ಜಿಯದೇ. ಮೊಣಕೈ ಮಡಿಕೆಯಲ್ಲಿ ಕೆರೆತ ಎದ್ದರೆ ಅದು ನಂಜು, ಬದನೆಕಾಯಿ ಬಂದ್. ಮೂಗು ಸೋರಿದರೆ ಶೀತ, ಕಂಬಳಿ ಬಿಗಿಯಾಗಿ ಹೊದಿಸು. ಎದೆ ಗೊರಗೊರ ಅಂದರೆ ಕಫ, ತಲೆಗೆ ನೀರೆರೆದು ಸಾಂಬ್ರಾಣಿ ಹೊಗೆ ಹಾಕು. ಸೀನಿದರೆ "ನೂರು ವರ್ಸ" ಅನ್ನುವುದೂ ಅವಳ ಕೆಲಸವೇ. ಒಂದು ವಾಸಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಹಾಜರು. ಯಾರ ಕಣ್ಣು ಬಿತ್ತೋ ಅಂತ ದೃಷ್ಟಿಯನ್ನೂ ತೆಗೆದಳು. ಆ ಮೆಣಸಿನಕಾಯಿ ಘಾಟಿಗೆ ಮಗು ಇನ್ನಷ್ಟು ಕೆಮ್ಮಿತು, ಆ ಮಾತು ಬಿಡಿ.

ಒಂದು ಬೆಳಿಗ್ಗೆ ಹೊಗೆ ಹಾಕಿದ ಮೇಲೆ ಮಗುವಿಗೆ ಉಸಿರು ಸಿಗದೆ ಪಕ್ಕೆ ಒಳಕ್ಕೆ ಎಳೆಯತೊಡಗಿತು. ಸೊಸೆ ಶೃತಿ ಎತ್ತಿಕೊಂಡು ಓಡಿದಳು. ಓಬಳಮ್ಮ ಬರಿಗಾಲಲ್ಲೇ ಹಿಂದೆ ಓಡಿ ಆಟೋ ಹತ್ತಿದಳು.

ಸಿರಾದ ಮಕ್ಕಳ ಡಾಕ್ಟರು ಮೊದಲು ಮಾಸ್ಕ್ ಇಟ್ಟು ಉಸಿರು ಸರಿಮಾಡಿದರು. ಆಮೇಲೆ ಮೊಣಕೈ ನೋಡಿದರು, ಮೂಗು ನೋಡಿದರು, ಹುಟ್ಟಿದಾಗಿನಿಂದ ಏನೇನು ಬಂದಿತ್ತೆಂದು ಕೇಳಿದರು.

"ಈ ಮೂರೂ ಒಂದೇ ಮನೆಯವು ಕಣಮ್ಮ. ಬೇರೆಯವರ ಮೈ ಲೆಕ್ಕಕ್ಕೇ ಇಡದ ಧೂಳು, ಹೊಗೆ, ಉಣ್ಣೆ, ಇದಕ್ಕೆಲ್ಲ ಈ ಮಗುವಿನ ಮೈ ಜಗಳಕ್ಕೆ ನಿಲ್ಲುತ್ತೆ. ಕೂಸಾಗಿದ್ದಾಗ ಚರ್ಮದಲ್ಲಿ ತೋರಿಸಿಕೊಂಡಿತು, ಆಮೇಲೆ ಮೂಗಲ್ಲಿ, ಈಗ ಎದೇಲಿ. ಎಲ್ಲ ಮಕ್ಕಳಿಗೂ ಹೀಗೇ ಸಾಲಾಗಿ ಬರಲ್ಲ. ಇನ್ಮೇಲೆ ಹೊಗೆ ಬೇಡ, ಕಂಬಳಿ ಬೇಡ. ಮನೇಲಿ ಇನ್ಯಾರಿಗಾದರೂ ಸೀನು, ಉಬ್ಬಸ ಇದೆಯಾ?"

ಓಬಳಮ್ಮ ನೆಲ ನೋಡಿದಳು. ಬುದ್ಧಿ ಬಂದಾಗಿನಿಂದ ಅವಳಿಗೆ ಬೆಳಗಾದರೆ ಸೀನು. ಕೊಟ್ಟಿಗೆ ಗುಡಿಸಿದರೆ ಸೀನು, ಕುರಿ ಮುಟ್ಟಿದರೆ ಸೀನು. ಅಕ್ಕಪಕ್ಕ ಮಲಗಿ ಸೀನಿ ಸೀನಿ ಮಗುವಿಗೆ ತಾನೇ ಅಂಟಿಸಿದೆನೇ? ಬಾಯಿಬಿಟ್ಟರೆ ಸೊಸೆ ಮಗುವನ್ನು ತವರಿಗೆ, ಕೊಳಾಲಕ್ಕೆ ಕರೆದುಕೊಂಡು ಹೋದರೆ? ಔಷಧಿ ಚೀಟಿ ಕೈಗೆ ಬಂದದ್ದೇ ಮೆಡಿಕಲ್ ಸ್ಟೋರಿಗೆ ಎದ್ದು ಹೋದಳು.

ಮನೆಗೆ ಬಂದವಳೇ ಚಾಪೆಯನ್ನು ಹೊರಗಿನ ಜಗಲಿಗೆ ಹಾಕಿಕೊಂಡಳು. ತಟ್ಟೆ, ಲೋಟ ಬೇರೆ ಮಾಡಿಕೊಂಡಳು. ಮಗು ಓಡಿ ಬಂದರೆ, "ಅಲ್ಲೇ ನಿಂತ್ಕೋ ಕಣಮ್ಮ, ಹತ್ರ ಬರ್ಬ್ಯಾಡ" ಅಂದಳು. ಅಜ್ಜಿಗೆ ತನ್ನ ಮೇಲೆ ಸಿಟ್ಟು ಬಂದಿದೆ ಅಂತಲೇ ಮಧುಶ್ರೀ ತಿಳಿದಳು. ಹೊಸಲಿನ ಮೇಲೆ ಕೂತು, ಮುಖ ಊದಿಸಿಕೊಂಡು, ಊಟ ಬೇಡ ಅಂದಳು. ಓಬಳಮ್ಮನ ತಟ್ಟೆಯಲ್ಲೂ ಮುದ್ದೆ ಹಾಗೇ ಉಳಿಯಿತು.

ಶೃತಿ ಬಂದು ಆ ತಟ್ಟೆ ನೋಡಿದಳು. "ಇದೇನತ್ತೆ, ಮೈಮೇಲೆ ಅಮ್ಮ ಎದ್ದೋರಂಗೆ ಬೇರೆ ಕುಂತಿದ್ದೀರಾ?"

"ನನ್ನ ಸೀನೇ ಮಗೀಗೆ ಅಂಟ್ಬುಟ್ಟೈತೆ ಕಣಮ್ಮ. ಕೊಳಾಲಕ್ಕೆ ಮಾತ್ರ ಕರ್ಕಂಡೋಗ್ಬ್ಯಾಡ. ಇಲ್ಲಿಂದ್ಲೇ ನೋಡ್ಕಂಡಿರ್ತೀನಿ."

ಶೃತಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅತ್ತೆಯ ಪಕ್ಕದಲ್ಲೇ ಕೂತಳು.

"ಈ ಮನೆಗೆ ಬಂದಾಗಿಂದ ನಿಮ್ಮ ಸೀನು ಕೇಳೇ ನಾನು ಏಳೋದು. ನೀವು ಮಾತ್ರೆ ತರಾಕೋದಾಗ ಡಾಕ್ಟರಿಗೆ ನಾನೇ ಹೇಳ್ದೆ. ಇದು ಅಂಟಲ್ವಂತೆ. ಮೂಗು ಮುಖ ಬಂದಂಗೆ ವಂಶದಲ್ಲಿ ಬರ್ತೈತಂತೆ. ನಿಮ್ಮ ಗುಳಿಕೆನ್ನೆ ಮಗೀಗೆ ಬಂತು ಅಂತ ಊರಿಗೆಲ್ಲ ಹೇಳ್ಕಂಡು ತಿರುಗಿದ್ರಲ್ಲ, ಸೀನು ಬಂದ್ರೆ ಇಂಗೆ ಮುಚ್ಚಿಡೋದಾ? ಬರೋ ಸಲ ನಿಮ್ಮನ್ನೂ ತೋರ್ಸಾನ, ಏಳಿ."

ಕಂಬಳಿ ಅಟ್ಟ ಸೇರಿತು. ಓಬಳಮ್ಮ ತನ್ನ ಹಳೇ ನೂಲಿನ ಸೀರೆಗಳನ್ನು ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಮಡಿಸಿ ಹೊದಿಕೆ ಮಾಡಿದಳು. ಮಧುಶ್ರೀ ಒಳಗೆ ನುಸುಳಿ ಮೂಸಿ ನೋಡಿದಳು. "ಅಜ್ಜಿ ವಾಸ್ನೆನೇ ಇಲ್ಲ."

"ಅಜ್ಜಿನೇ ಪಕ್ಕದಲ್ಲಿ ಅವ್ಳಲ್ಲ, ಮಲಿಕ್ಕೋ."

ಬೆಳಿಗ್ಗೆ ಓಬಳಮ್ಮನಿಗೆ ಎಂದಿನಂತೆ ಮೂಗು ತುರಿಸಿತು. ಮಗು ಎದ್ದೀತು ಅಂತ ಸೆರಗು ಬಾಯಿಗೆ ಅದುಮಿಕೊಂಡರೂ ಸೀನು ನಿಲ್ಲಲಿಲ್ಲ. ಇಷ್ಟು ವರ್ಷ ಅವಳ ಸೀನಿಗೆ ಯಾರೂ ಏನೂ ಅಂದವರಲ್ಲ. ಹೊದಿಕೆಯೊಳಗಿಂದ ಪುಟ್ಟ ಕೈಯೊಂದು ಬಂದು ಅವಳ ಕೆನ್ನೆಯ ಮೇಲೆ ಬಿತ್ತು.

"ನೂರು ವರ್ಸ," ಅಂದಳು ಮಧುಶ್ರೀ, ಕಣ್ಣು ಬಿಡದೆ.