ಜೇಡಮ್ಮನ ಗಂಡ

ಅಂಗೈಯಲ್ಲಿ ಹಿಡಿಯದಷ್ಟು ದೊಡ್ಡ ಜೇಡನ್ನ ಬರಿಗೈಯಲ್ಲಿ ಎತ್ತಿ, ಗದರಿಸಿ, ವಾಪಸ್ ಬಲೆಗೆ ಕೂರಿಸಿದೋಳು ನಾನು, ಗೊತ್ತಾ ಪುಟ್ಟಿ? ಹಾಗೆ ಕಣ್ಣು ಬಿಡಬೇಡ. ಸರಿ, ಅರ್ಧ ಸುಳ್ಳು. ಬರಿಗೈಯಲ್ಲಲ್ಲ, ಡಬ್ಬೀಲಿ. ಗದರಿಸಿದ್ದು ಮಾತ್ರ ನಿಜ.

ನಾನು ಕೆಲಸಕ್ಕಿದ್ದ ಹುಳುಮನೆ ಮಾತು ಇದು. ಮಳೆಕಾಡಿನ ಹುಳ ಹುಪ್ಪಟೆ ಎಲ್ಲಾ ಗಾಜಿನ ಮನೇಲಿ ಸಾಕಿ ಜನಕ್ಕೆ ತೋರಿಸೋರು. ಒಳಗೆ ಕಾಲಿಟ್ರೆ ನೀರು ಕಾಯಿಸೋ ಬಚ್ಚಲಿಗೆ ನುಗ್ಗಿದ ಹಾಗೆ ಸೆಕೆ. ಕಡ್ಡಿಹುಳ ಇತ್ತು, ಒಣಕಡ್ಡಿ ಅಂತ ಗುಡಿಸೋಕೆ ಹೋದ್ರೆ ಎದ್ದು ನಡೆಯೋದು. ಎಲೆಹುಳ ಇತ್ತು, ಅಕ್ಕಪಕ್ಕದ ಎಲೆಗೂ ಅದು ಹುಳ ಅಂತ ಗೊತ್ತಿರಲಿಲ್ಲ. ಕೊಂಬಿನ ದುಂಬಿ ಒಂದಿತ್ತು, ಹಾರಿದ್ರೆ ಮೋಟರ್ ಸೈಕಲ್ ಬಂತು ಅಂತ ಜನ ದಾರಿ ಬಿಡೋರು.

ನಿನ್ನಜ್ಜಿನೂ ಅಲ್ಲೇ ಇದ್ಳು. ನನ್ನ ವಾರಗಿತ್ತಿ, ನನ್ನ ಮೈದುನನ ಹೆಂಡ್ತಿ. ಅವಳನ್ನ ಕಂಡ್ರೆ ನಂಗೆ ಹೊಟ್ಟೇಲಿ ಒಲೆ ಉರಿಯೋದು. ಅವಳಿಗೆ ಮಂಡಿ ಮುಟ್ಟೋ ಜಡೆ, ನಂಗೆ ಇಲಿಬಾಲ. ಅವಳು ಕೆಮ್ಮಿದ್ರೂ ಜನಕ್ಕೆ ಇಂಪು. ಅದೆಲ್ಲಾ ಹಾಳಾಗ್ಲಿ. ನಮ್ಮೋರು ತೀರಿಹೋಗಿ ಆಗಷ್ಟೇ ವರ್ಷ ತುಂಬಿತ್ತು. ಅವಳ ಗಂಡ ದಿನಾ ಮಧ್ಯಾಹ್ನ ಬಿಸಿ ಊಟದ ಕ್ಯಾರಿಯರ್ ಹಿಡ್ಕೊಂಡು ಗೇಟಿನ ಹತ್ರ ಬಂದು ನಿಲ್ಲೋನು. ನಾನು ಅವರಿಬ್ರಿಗೂ ಬೆನ್ನು ಹಾಕಿ ಕೂತು ನನ್ನ ತಣ್ಣನೆ ಡಬ್ಬಿ ಜೊತೆ ಗುದ್ದಾಡ್ತಿದ್ದೆ. ಮುಚ್ಚಳ ಬಿಗಿಯಾದ್ರೆ ತೆಗೆದುಕೊಡೋಕೆ ಒಬ್ರು ಬೇಕಲ್ಲ ಕಣೇ.

ನಾವಿಬ್ರೂ ಹಿಂದಿನ ಕೋಣೇಲಿ, ಕೊಳೆತ ಬಾಳೆಹಣ್ಣಿನ ಜಾಡೀಲಿ ನೊಣ ಬೆಳೆಸೋ ಕೆಲಸ. ಮೂಗು ಸತ್ತೇ ಹೋಗಿತ್ತು. ಜೊತೆಗೆ ಆಳಿಗೊಂದು ಜೇಡ. ಹೊಂಬಣ್ಣದ ನೂಲಿನ ಬಲೆ ಕಟ್ಟೋ ದೊಡ್ಡ ಹೆಣ್ಣು, ಮರದ ಚೌಕಟ್ಟಲ್ಲಿ ಪಕ್ಕಪಕ್ಕ. ಒಂದಿನ ಯಜಮಾನ್ತಿ ಮೇಡಮ್ಮ ಬಂದು ಹೇಳಿದ್ರು, "ಯಾರ ಜೇಡ ಮೊದಲು ಮರಿ ಮಾಡುತ್ತೋ ಅವರಿಗೆ ಮುಂದಿನ ಕೋಣೆ."

ಮುಂದಿನ ಕೋಣೆ! ಫ್ಯಾನು, ಕಿಟಕಿ, ಒರಗೋ ಕುರ್ಚಿ. ಬಂದೋರಿಗೆಲ್ಲಾ ಹುಳದ ಕತೆ ಹೇಳ್ತಾ ಕೂರೋದು. ನನ್ನ ಬಾಯಿಗೆ ಅದಕ್ಕಿಂತ ಸ್ವರ್ಗ ಇನ್ನೊಂದಿದೆಯಾ? ಮನೇಲಿ ಮಾತಾಡಿದ್ರೆ ಗೋಡೆ ಒಂದೇ ಕೇಳ್ತಿದ್ದದ್ದು.

ಅವತ್ತಿಂದ ನನ್ನ ಜೇಡನ್ನ ಬಾಣಂತಿ ಥರ ನೋಡ್ಕೊಂಡೆ. ನೀರು ಚಿಮುಕಿಸಿದೆ, ದಪ್ಪ ನೊಣ ಆರಿಸಿ ಹಾಕಿದೆ. ಆದ್ರೆ ಬಲೆ ಅಂಚಲ್ಲಿ ಒಬ್ಬ ಪೀಚಲು ಜೇಡ, ಸಾಸಿವೆಗಿಂತ ಸ್ವಲ್ಪ ದೊಡ್ಡದು, ನನ್ನ ರಾಣಿ ತಿಂದು ಬಿಟ್ಟಿದ್ದನ್ನ ನೆಕ್ಕೋನು. ಯಾರೋ ಕಳ್ಳ ಅಂತ ಬ್ರಷ್ಷಲ್ಲಿ ಝಾಡಿಸಿ ಓಡಿಸಿದೆ. "ದುಡಿದು ತಿನ್ನೋ" ಅಂತ ಬುದ್ಧಿನೂ ಹೇಳಿದೆ.

ಮೇಡಮ್ಮ ಬಂದು ನೋಡಿದ್ರು. "ಅಯ್ಯೋ, ಗಂಡೆಲ್ಲಿ?"

"ಯಾವ ಗಂಡು?"

"ಚಿಕ್ಕದೊಂದು ಇತ್ತಲ್ಲ, ಅಂಚಲ್ಲಿ. ಅದೇ ಇವಳ ಗಂಡ."

ನಂಗೆ ನೆಲ ಬಾಯಿ ಬಿಟ್ಟಂಗಾಯ್ತು. ಅಷ್ಟು ದೊಡ್ಡ ಹೆಂಗಸಿಗೆ ಅಷ್ಟು ಚಿಕ್ಕ ಗಂಡ ಅಂತ ನಂಗೆ ಹೇಗೆ ಗೊತ್ತಾಗಬೇಕು? ಗಂಡ ಅಂದ್ರೆ ಹೆಂಡ್ತಿಗೆ ಸರಿಸಮ ಇರ್ತಾನೆ ಅಂದ್ಕೊಂಡಿದ್ದೆ. ತಿರುಗಿ ನೋಡ್ತೀನಿ, ಪಕ್ಕದ ಚೌಕಟ್ಟಲ್ಲಿ ನಿನ್ನಜ್ಜಿ ಜೇಡಕ್ಕೆ ಇಬ್ಬಿಬ್ರು ಗಂಡಂದಿರು! ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ, ಕಾವಲುಗಾರರ ಹಾಗೆ.

"ಲೇ! ಆ ಎಡಗಡೆಯೋನು ನಂದು!"

"ಗುರುತೇನಕ್ಕಾ? ಮಚ್ಚೆ ಇದೆಯಾ?" ಅಂತ ಜಡೆ ಹಿಂದಕ್ಕೆಸೆದು ಕೇಳಿದ್ಳು. "ನೀನೇ ಹೊರಗೆ ಹಾಕಿದ್ದು. ನಮ್ಮನೆ ಬಾಗಿಲು ತೆರೆದಿತ್ತು, ಬಂದ."

"ನಿಂಗೆ ಮನೇಲಿ ಒಬ್ಬ ಗಂಡ ಸಾಲದಾ? ನಿನ್ನ ಜೇಡಕ್ಕೆ ಇಬ್ರು ಬೇಕಾ? ಇರೋದೆಲ್ಲಾ ನಿಂಗೇ ಬರಬೇಕಾ?"

ಅವಳು ಕೈಲಿದ್ದ ನೊಣದ ಜಾಡಿ ಕೆಳಗಿಟ್ಳು. "ಕೊಡ್ತೀನಿ. ಆದ್ರೆ ನನ್ನ ಜೇಡ ನಿನ್ನದಕ್ಕಿಂತ ಚೆಂದ ಅಂತ ಒಂದ್ಸಲ ಬಾಯಿಬಿಟ್ಟು ಹೇಳು. ನಾನು ನಿಮ್ಮನೆಗೆ ಸೊಸೆಯಾಗಿ ಕಾಲಿಟ್ಟ ಮೇಲೆ ನೀನು ನಂಗೊಂದು ಒಳ್ಳೆ ಮಾತು ಆಡಿಲ್ಲ. ಹಬ್ಬಕ್ಕೆ ಬಂದೋರೆಲ್ಲಾ ನಿನ್ನ ಸುತ್ತ ಕೂತು ನಗ್ತಾರೆ, ನಾನು ಮೂಲೇಲಿ ಪಾತ್ರೆ ಒರೆಸ್ತೀನಿ. ನಂಗೇನು ಉರಿಯಲ್ವಾ?"

ನಂಗೆ ನಂಬೋಕೇ ಆಗಲಿಲ್ಲ. ಅವಳಿಗೂ ಒಲೆನಾ! ನನ್ನ ಮೇಲೆ? ಒಳಗೊಳಗೇ ಎಷ್ಟು ಖುಷಿಯಾಯ್ತು ಅಂದ್ರೆ, ಏನು ಬೇಕಾದ್ರೂ ಹೇಳೋಕೆ ರೆಡಿ ಆದೆ.

"ಚೆಂದ," ಅಂದೆ.

"ಯಾವುದು?"

"ನಿನ್ನದು. ದೂರದಿಂದ. ಮಬ್ಬು ಬೆಳಕಲ್ಲಿ."

"ಅಕ್ಕಾ!"

"ಆಯ್ತು ಮಾರಾಯ್ತಿ, ಹತ್ರದಿಂದಲೂ."

ಬೆಂಕಿಪೊಟ್ಟಣದಲ್ಲಿ ಎಡಗಡೆಯೋನನ್ನ ಹಾಕಿ ಕೊಟ್ಳು. "ಸೀದಾ ಬಿಡಬೇಡ. ಹಸಿದಿದ್ರೆ ಗಂಡ ಅಂತಾನೂ ನೋಡಲ್ಲ, ತಿಂದುಬಿಡ್ತಾಳೆ. ಮೊದಲು ಅವಳ ಬಾಯಿಗೆ ಏನಾದ್ರೂ ಕೊಡು." ಅಷ್ಟು ಹೇಳಿ ಅವಳೇ ಒಂದು ಕೊಬ್ಬಿದ ಮಿಡತೆ ತಂದು ನನ್ನ ಬಲೆಗೆ ಹಾಕಿದ್ಳು. ಅವಳಿಗೂ ಆ ಕುರ್ಚಿ ಬೇಕಿತ್ತು ಕಣೇ, ಆದ್ರೂ ಹಾಕಿದ್ಳು. ಮೇಲಿಂದ "ಸೋತರೆ ಅಳಬಾರದು" ಅಂತ ಚುಚ್ಚಿದ್ಳು.

ನನ್ನ ರಾಣಿ ಓಡಿ ಬಂದು ಮಿಡತೆಗೆ ಬಾಯಿ ಹಾಕಿದ್ಳು. ನಾನು ಪೊಟ್ಟಣ ತೆಗೆದು ಬಡಪಾಯಿನ ಅಂಚಿಗೆ ಬಿಟ್ಟೆ. ಒಂದು ಎಳೆ ಹಿಡಿದು ಮೆಲ್ಲಗೆ ಮೀಟಿದ, ಬಾಗಿಲು ತಟ್ಟಿದ ಹಾಗೆ. ಒಂದೊಂದೇ ಕಾಲು ಎತ್ತಿ ಮುಂದೆ ಹೋದ. ಹತ್ರ ಹೋಗಿ ಅವಳ ಬೆನ್ನು ಹತ್ತಬೇಕು ಅನ್ನೋವಾಗ, ಮಿಡತೆ ಬಿಟ್ಟು ಅವಳು ಗಕ್ಕನೆ ಅವನ ಕಡೆ ತಿರುಗಿದ್ಳು.

ನಾವಿಬ್ರೂ ಚೌಕಟ್ಟಿಗೆ ಮೂಗು ಒತ್ತಿ ನಿಂತಿದ್ವಿ. ನಿನ್ನಜ್ಜಿ ನನ್ನ ಕೈ ಹಿಡ್ಕೊಂಡಿದ್ಳೋ, ನಾನೇ ಅವಳದನ್ನ ಹಿಡ್ಕೊಂಡಿದ್ದೆನೋ. ಉಸಿರು ಬಿಡೋ ಹಾಗಿಲ್ಲ.

ಏನೇ, ಕುರ್ಚಿ ತುದಿಗೆ ಬಂದ್ಬಿಟ್ಟಿದೀಯ? ನಿನ್ನಜ್ಜಿನ ಮಾತ್ರ ಕೇಳಬೇಡ, ಅವಳು ಹೇಳೋದು ಬೇರೇನೇ. ನೀನೇ ಹೇಳು ನೋಡೋಣ: ತಿಂದ್ಳೋ, ಸೇರಿಸ್ಕೊಂಡ್ಳೋ? ಆ ಫ್ಯಾನಿನ ಕೆಳಗೆ ನಮ್ಮಿಬ್ರಲ್ಲಿ ಕೂತೋಳು ಯಾರು?