ಕೆಂಪು ಗೆರೆಗೆ ಮುಂಚಿನ ಎರಡು ಸಾಲು

ಮೊಹರು ಒತ್ತುವ ರಬ್ಬರ್ ಹಾಳೆಯ ಧೂಳು ಕೊಡವಲೆಂದು ಅವಳು ಅದನ್ನು ಎತ್ತಿದಾಗ, ಕೆಳಗೆ ಆ ಅರ್ಜಿ ಇತ್ತು. ಆಗ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ.

ಅರ್ಜಿಯ ಮೂಲೆಯಲ್ಲಿ ನಿನ್ನೆಯ ತಾರೀಖಿನ ಮೊಹರು. ಮೊಹರಿನ ಕೆಳಗೆ ಅವಳದೇ ಅಕ್ಷರದಲ್ಲಿ ಸಮಯ, 5.20. ಪಕ್ಕದಲ್ಲಿ ಅವಳದೇ ಚಿಕ್ಕ ಸಹಿ. ನಂಬರು ಬರೆಯುವ ಚೌಕ ಮಾತ್ರ ಖಾಲಿ.

ನಿನ್ನೆ ಆಫೀಸು ಮುಚ್ಚುವ ಹೊತ್ತಿಗೆ ದರ್ಜಿ ಅಕ್ಕ ಏದುಸಿರು ಬಿಡುತ್ತ ಬಂದು ಈ ಕಾಗದ ಕೊಟ್ಟಿದ್ದಳು. ಆಫೀಸಿನ ಗೋಡೆಯ ಹೊರಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುವ ಹೆಂಗಸು ಅವಳು. ಅರ್ಜಿಗೂ ಅದರ ಪ್ರತಿಗೂ ಮೊಹರು ಒತ್ತಿ, ಪ್ರತಿಯನ್ನು ವಾಪಸ್ ಕೊಟ್ಟದ್ದು ನೆನಪಿತ್ತು. ಅಷ್ಟರಲ್ಲಿ ಮುಖ್ಯಾಧಿಕಾರಿ ಸಾಹೇಬರ ಕೋಣೆಯಿಂದ ಫೋನು ಬಂತು. ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಅರ್ಜಿಯನ್ನು ರಬ್ಬರ್ ಹಾಳೆಯ ಕೆಳಗೆ ಸಿಕ್ಕಿಸಿ ಎದ್ದು ಹೋಗಿದ್ದಳು. ಬಂದವಳು ಗಡಿಯಾರ ನೋಡಿದಳು, ಪುಸ್ತಕದಲ್ಲಿ ದಿನದ ಕೊನೆಯ ಕೆಂಪು ಗೆರೆ ಎಳೆದಳು, ಮನೆಗೆ ಹೋದಳು.

ಅದು ಪುರಸಭೆಯ ಟಪಾಲು ಮೇಜು. ಊರಿನ ಯಾವ ಕಾಗದವಾದರೂ ಈ ಮೇಜಿನ ಇನ್‌ವರ್ಡ್ ಪುಸ್ತಕದಲ್ಲಿ ನಂಬರು ಪಡೆದ ಮೇಲೆಯೇ ಕಾಗದ. ಅಲ್ಲಿಯವರೆಗೆ ಅದು ಕಡ್ಲೆಕಾಯಿ ಕಟ್ಟುವ ಚೂರು. ಅವಳು ಈ ಕುರ್ಚಿಗೆ ಬಂದು ಎರಡು ವರ್ಷ ಆಗುತ್ತ ಬಂದಿತ್ತು. ಆಫೀಸಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ‘ಟಪಾಲು’. ಪ್ರೊಬೇಷನ್ ಮುಗಿದು ಖಾಯಂ ಆಗಲು ಇನ್ನೆರಡು ತಿಂಗಳು ಬಾಕಿ.

ಮಾರುಕಟ್ಟೆಯ ಹೊಸ ಕಟ್ಟಡದಲ್ಲಿ ಇಪ್ಪತ್ನಾಲ್ಕು ಮಳಿಗೆಗಳು. ರಸ್ತೆ ಬದಿ ಕೂತು ಕಸುಬು ಮಾಡುವವರಿಗೆಂದೇ ಕಟ್ಟಿದ್ದು. ಅರ್ಜಿಗೆ ಕಡೆಯ ದಿನ ನಿನ್ನೆ. ಇವತ್ತು ಹನ್ನೆರಡಕ್ಕೆ ಪಟ್ಟಿ ಹೊರಗಿನ ಬೋರ್ಡಿಗೆ ಬೀಳಬೇಕು. ಸೋಮವಾರದಿಂದ ರಸ್ತೆ ಬದಿ ಯಾರೂ ಕೂರುವಂತಿಲ್ಲ. ಪಟ್ಟಿ ಆಗುವುದು ಇನ್‌ವರ್ಡ್ ಪುಸ್ತಕ ನೋಡಿ. ಪುಸ್ತಕದಲ್ಲಿ ಇದ್ದದ್ದು ಇಪ್ಪತ್ಮೂರು ಅರ್ಜಿ. ಇಪ್ಪತ್ನಾಲ್ಕನೆಯದು ಅವಳ ಕೈಯಲ್ಲಿತ್ತು.

ಪುಸ್ತಕ ತೆರೆದಳು. ನಿನ್ನೆಯ ಕೆಂಪು ಗೆರೆಯ ಮೇಲೆ 1187, 1188 ಎಂಬ ಎರಡು ನಂಬರು. ಎದುರಿಗೆ ಏನೂ ಇಲ್ಲ, ಎರಡು ಬೋಳು ಸಾಲು.

ಅದು ಈ ಆಫೀಸಿನ ಪದ್ಧತಿ. ಅವಳಿಗೆ ಕೆಲಸ ಒಪ್ಪಿಸಿ ನಿವೃತ್ತಿಯಾದ ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದರು: “ಸಂಜೆ ಎರಡು ನಂಬರು ಹಾಕಿ ಖಾಲಿ ಬಿಡು, ಆಮೇಲೆ ಗೆರೆ ಎಳಿ.”

“ಯಾಕೆ ಮೇಡಂ?”

“ಬಸ್ಸಲ್ಲಿ ಡ್ರೈವರ್ ಪಕ್ಕ ಒಂದು ಸೀಟು ಯಾಕೆ ಖಾಲಿ ಇಟ್ಟಿರ್ತಾರೆ? ಯಾರಿಗೋ ಬೇಕಾಗುತ್ತೆ ಅಂತ.”

ಯಾರಿಗೂ ಬೇಡವಾದರೆ ಎರಡು ದಿನ ಬಿಟ್ಟು ಯಾವುದೋ ಸುತ್ತೋಲೆಯನ್ನೋ ಆಮಂತ್ರಣ ಪತ್ರವನ್ನೋ ಆ ಸಾಲಿಗೆ ತುಂಬುವುದು. ಇಷ್ಟು ದಿನ ಅವಳು ತುಂಬಿದ್ದು ಬರೀ ಸುತ್ತೋಲೆಗಳನ್ನೇ. ಆಗೀಗ ಹೆಡ್ ಕ್ಲರ್ಕ್ ಪುಸ್ತಕ ತರಿಸಿಕೊಳ್ಳುತ್ತಿದ್ದರು. ವಾಪಸ್ ಬಂದಾಗ ಒಂದು ಸಾಲು ಅವರ ಅಕ್ಷರದಲ್ಲಿ ತುಂಬಿರುತ್ತಿತ್ತು. ಅವಳು ಕೇಳಿರಲಿಲ್ಲ.

ಈಗ ಪೆನ್ನಿನ ಮುಚ್ಚಳ ತೆಗೆದಳು. ತೆಗೆದ ಹೊತ್ತಿಗೇ ಹೆಡ್ ಕ್ಲರ್ಕ್ ಬಂದು ಎದುರಿಗೆ ನಿಂತರು. ಅರ್ಜಿಯ ಮೇಲೆ ಅವಳ ಅಂಗೈ ತಾನಾಗಿಯೇ ಬಿತ್ತು.

“ಏನಮ್ಮಾ ಟಪಾಲು, ನಿನ್ನೆ ಎರಡು ಬಿಟ್ಟಿದ್ದೀಯಲ್ಲ?”

“ಬಿಟ್ಟಿದ್ದೀನಿ ಸಾರ್.”

“ಅದ್ರಲ್ಲಿ ಒಂದು ನಂಗಿರ್ಲಿ. ನಮ್ಮ ಮೆಂಬರ್ ಬಾಮೈದಂದು ಮಳಿಗೆ ಅರ್ಜಿ ಬರ್ತಾ ಇದೆ. ಇನ್ನೊಂದು ಗಂಟೇಲಿ ತರ್ತಾನೆ. ಈ ಸಲ ನೀನೇ ಬರ್ದುಬಿಡು, ಎಲ್ಲ ಮಳಿಗೆ ಅರ್ಜಿನೂ ನಿನ್ನ ಕೈ ಬರಹದಲ್ಲೇ ಇದೆ. ನಂದು ಮಧ್ಯ ಬಂದ್ರೆ ಚೆನ್ನಾಗಿರಲ್ಲ.”

“ಕಡೇ ದಿನ ನಿನ್ನೆಗೇ ಮುಗೀತು ಸಾರ್.”

“ಅದಕ್ಕೇ ಅಲ್ವಾ ನಿನ್ನೆ ಸಾಲು ಬೇಕಾಗಿರೋದು.” ಅವರು ಕೆಟ್ಟವರಂತೆ ಮಾತಾಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂರಿಸುವವರ ದನಿ. “ಮಳಿಗೆ ಇಪ್ಪತ್ನಾಲ್ಕು, ಬಂದಿರೋದು ಇಪ್ಪತ್ಮೂರು. ಯಾರ ತಟ್ಟೆಯಿಂದ್ಲೂ ಕಿತ್ಕೋತಾ ಇಲ್ಲ. ಅಂದ್ಹಾಗೆ, ನಿನ್ನ ಪ್ರೊಬೇಷನ್ ವರದಿ ಬರ್ದಿಟ್ಟಿದ್ದೀನಿ. ಒಳ್ಳೇದೇ ಬರ್ದಿದ್ದೀನಿ. ನನ್ನ ಸಹಿ ಒಂದು ಬಾಕಿ.”

ಅವರು ಹೋದ ಮೇಲೂ ಅಂಗೈ ಅರ್ಜಿಯ ಮೇಲಿನಿಂದ ಏಳಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ತಾನು ಕಂಡೆನೇನೋ ಎಂಬ ಭಯ.

ಮನೆ ಕಣ್ಣ ಮುಂದೆ ಬಂತು. ಅಕ್ಕ ಭಾವನ ಮನೆಯ ನಡುಕೋಣೆಗೆ ಅಡ್ಡ ಪರದೆ ಕಟ್ಟಿ ಅದರ ಹಿಂದೆ ಅವಳೂ ಅಮ್ಮನೂ ಮಲಗುತ್ತಿದ್ದರು. ಭಾವ ಒಳ್ಳೆಯವನು. “ಅತ್ತೆ ಇರೋದು ನನಗೇನೂ ಭಾರ ಅಲ್ಲ, ಟಿವಿ ರಿಮೋಟಿಗೆ ಮಾತ್ರ ಭಾರ” ಎಂದು ನಗಿಸುತ್ತಿದ್ದ. ಆದರೆ ಹತ್ತು ಸಲ ಕೇಳಿದ ನಗೆಮಾತು ಕೊನೆಗೆ ಲೆಕ್ಕ ಕೇಳಿದ ಹಾಗೇ ಕೇಳಿಸುತ್ತದೆ. ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿಟ್ಟಿದ್ದಳು. “ಖಾಯಂ ಆದ ಕಾಗದ ತಗೊಂಡು ಬಾ, ಬೀಗದ ಕೈ ಕೊಡ್ತೀನಿ” ಎಂದಿದ್ದ ಮನೆ ಯಜಮಾನ. ನೌಕರಿಯ ಆದೇಶವನ್ನು ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿದ್ದಳು. ಅದರ ಜೊತೆ ಸೇರಬೇಕಾದ ಎರಡನೆಯ ಕಾಗದಕ್ಕಾಗಿ ದಿನ ಎಣಿಸುತ್ತಿದ್ದಳು.

“ಯಾಕೆ ಮಗಾ, ಮುಖ ಇಷ್ಟೊಂದು ಒಣಗಿದೆ?”

ನೀರಿನ ಲೋಟ ತಂದವಳು ಅಟೆಂಡರ್ ಚಿಕ್ಕಮ್ಮ. ಮೂವತ್ತು ವರ್ಷದಿಂದ ಈ ಆಫೀಸಿನ ಕಸ ಗುಡಿಸುತ್ತಿದ್ದಳು. ಯಾರ ಕಸ ಯಾವ ಮೂಲೆಯಲ್ಲಿದೆ ಎಂಬುದು ಅವಳಿಗೆ ಬಾಯಿಪಾಠ. ಹುಡುಗಿ ಅಂಗೈ ಎತ್ತಿ ತೋರಿಸಿ, ದನಿ ತಗ್ಗಿಸಿ ಎಲ್ಲ ಹೇಳಿದಳು.

“ಸಾಲಿದೆ, ಪೆನ್ನಿದೆ. ಬರ್ದುಬಿಡ್ಲಾ ಚಿಕ್ಕಮ್ಮ? ಸುಳ್ಳೇನೂ ಅಲ್ವಲ್ಲ. ನಿನ್ನೆ ಬಂದಿದ್ದೇ.”

ಚಿಕ್ಕಮ್ಮ ಕಿಟಕಿಯ ಕಡೆ ನೋಡುತ್ತ ಹೇಳಿದಳು: “ಬರಿ. ಆದ್ರೆ ಹೆಡ್ಡು ಬಂದಾಗ ಪುಸ್ತಕ ನೋಡ್ತಾರೆ. ಬೆಳಿಗ್ಗೆ ಖಾಲಿ ಇದ್ದ ಸಾಲು ಈಗ ತುಂಬಿದೆ ಅಂತ ಗೊತ್ತಾಗುತ್ತೆ. ನೀನು ತುಂಬಿದ್ಯಲ್ಲ, ನಂದೂ ತುಂಬು ಅಂತಾರೆ. ಆಗ ಇಪ್ಪತ್ನಾಲ್ಕು ಮಳಿಗೆಗೆ ಇಪ್ಪತ್ತೈದು ಜನ. ಚೀಟಿ ಎತ್ತಬೇಕು. ಯಾರು ಬೀದಿಗೆ ಬೀಳ್ತಾರೋ. ಅಷ್ಟೇ ಅಲ್ಲ, ಇವತ್ತಿಂದ ನಿನ್ನ ಮೂಗುದಾರ ಅವರ ಕೈಲಿ.”

“ಹಾಗಾದ್ರೆ ಏನ್ಮಾಡ್ಲಿ?”

“ಅದು ನಂಗೆ ಗೊತ್ತಿಲ್ಲ. ಒಂದು ಗೊತ್ತು. ನಿನ್ಮುಂಚೆ ಇದ್ದ ಮೇಡಂ ಮೊದಲು ಗೆರೆ ಮೇಲಿನ ಸಂದೀಲಿ ತುರುಕಿದ್ದೂ ತಾನು ಮರೆತ ಕಾಗದಾನೇ. ಅವತ್ತು ಹೀಗೇ ಕೂತಿದ್ಲು, ಹೀಗೇ ನೀರು ತಂದುಕೊಟ್ಟೆ. ಬರ್ದುಬಿಡಿ ಅಂದವಳು ನಾನೇ.” ಚಿಕ್ಕಮ್ಮ ಖಾಲಿ ಲೋಟ ಎತ್ತಿಕೊಂಡಳು. “ಮಾರನೇ ದಿನದಿಂದ ಎರಡು ಸಾಲು ಬಿಡೋ ಪದ್ಧತಿ ಶುರುವಾಯ್ತು.”

ಹುಡುಗಿ ಕಪ್ಪು ಪೆನ್ನು ಬದಿಗಿಟ್ಟು ಕೆಂಪು ಪೆನ್ನು ತೆಗೆದುಕೊಂಡಳು. 1187 ಮತ್ತು 1188ರ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ‘ರದ್ದು’ ಎಂದು ಬರೆದು ಸಹಿ ಹಾಕಿದಳು. ಇವತ್ತಿನ ತಾರೀಖಿನ ಕೆಳಗೆ, 1189ರ ಎದುರಿಗೆ, ದರ್ಜಿಯ ಅರ್ಜಿಯನ್ನು ಏರಿಸಿದಳು. ಟಿಪ್ಪಣಿ ಬರೆಯುವ ಷರಾ ಎಂಬ ಅಂಕಣ ಚಿಕ್ಕದು. ಅಕ್ಷರ ಕಿರಿದು ಮಾಡಿ ಬರೆದಳು: ‘ಈ ಅರ್ಜಿಯನ್ನು ನಿನ್ನೆ ಸಂಜೆ 5.20ಕ್ಕೆ ಪಡೆದು, ಮೊಹರು ಒತ್ತಿದ ಪ್ರತಿ ಕೊಟ್ಟಿದ್ದೇನೆ. ನನ್ನ ಮರೆವಿನಿಂದ ನಿನ್ನೆ ದಾಖಲಾಗಿಲ್ಲ.’

ಇನ್ನು ಅಳಿಸುವಂತಿಲ್ಲ.

“ಚಿಕ್ಕಮ್ಮ, ದರ್ಜಿ ಅಕ್ಕನ್ನ ಕರೀತೀರಾ? ಮೊಹರು ಒತ್ತಿದ ಪ್ರತಿ ತರೋಕೆ ಹೇಳಿ. ಅದಿಲ್ದೇ ನನ್ನ ಮಾತು ನಿಲ್ಲಲ್ಲ.”

ದರ್ಜಿ ಅಕ್ಕ ಕತ್ತಿಗೆ ಟೇಪು ಹಾಕಿಕೊಂಡೇ ಬಂದಳು. ಕೈಯಲ್ಲಿ ಪ್ರತಿ ಇರಲಿಲ್ಲ.

“ಅಯ್ಯೋ, ಆ ಕಾಗದಾನಾ? ಕೈಗೆ ಬೇರೆ ಕಾಗದ ಸಿಗ್ಲಿಲ್ಲ ಕಣಮ್ಮ, ಅದರ ಹಿಂದೆ ಅಳತೆ ಬರ್ಕೊಂಡೆ. ಸಾಹೇಬ್ರ ಡ್ರೈವರ್ ಅಂಗಿದು. ಹೊಲ್ದು, ಚೀಟಿ ಸಮೇತ ಗುಂಡಿಗೆ ಕಾಜಾ ಹಾಕೋನ ಹತ್ರ ಬೆಳಿಗ್ಗೆನೇ ಕಳಿಸ್ದೆ.”

“ಎಲ್ಲಿದ್ದಾನೆ ಅವನು?”

“ಬಸ್ ನಿಲ್ದಾಣದ ಹಿಂದೆ. ಯಾಕೆ, ನನ್ನ ಮಳಿಗೆ ಏನಾಯ್ತು?”

ಮುಖ ನೋಡಿ ಹೇಳುವುದು ಕಷ್ಟವಾಯಿತು. ಆದರೂ ಹೇಳಿದಳು. “ನಾನು ನಿಮ್ಮ ಅರ್ಜಿ ಪುಸ್ತಕಕ್ಕೆ ಏರಿಸೋದು ಮರ್ತಿದ್ದೆ ಅಕ್ಕ. ಹನ್ನೆರಡರೊಳಗೆ ಆ ಚೀಟಿ ಸಾಹೇಬ್ರ ಮೇಜಿನ ಮೇಲೆ ಇರಬೇಕು.”

ದರ್ಜಿ ಅಕ್ಕ ಬೈಯಲಿಲ್ಲ. ಬೈಯಲು ಸಮಯವಿರಲಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು. ಆಗ ಹನ್ನೊಂದು ಇಪ್ಪತ್ತು.

ಹನ್ನೊಂದೂವರೆಗೆ ಹೆಡ್ ಕ್ಲರ್ಕ್ ಮಡಿಸದ ಹೊಸ ಕಾಗದವೊಂದನ್ನು ಹಿಡಿದು ಬಂದರು. ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕೆಂಪು ಅಡ್ಡಗೆರೆ ನೋಡಿದರು, ಷರಾ ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು.

“ಇದೇನು ಮಾಡ್ಕೊಂಡೆ?”

“ನಿಜ ಬರ್ದೆ ಸಾರ್.”

“ನಿಜ ಬರಿಯೋಕೆ ಅಂತ ನಿನ್ನನ್ನ ಇಲ್ಲಿ ಕೂರಿಸಿಲ್ಲ. ಬಂದಿದ್ದನ್ನ ಬರಿಯೋಕೆ ಕೂರಿಸಿದ್ದಾರೆ. ಕತ್ತಿಗೆ ಹಗ್ಗ ನೀನೇ ಹಾಕ್ಕೊಂಡೆಯಲ್ಲ. ನಡಿ ಸಾಹೇಬ್ರ ಹತ್ರ.”

ಸಾಹೇಬರು ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ ಎಂಬಂಥ ಮುಖ. ಪುಸ್ತಕ ಓದಿದರು. ಅರ್ಜಿ ತಿರುಗಿಸಿ ನೋಡಿದರು.

“ಈ ಎರಡು ನಂಬರು ಯಾಕೆ ಖಾಲಿ ಇದ್ವು?”

“ಹಿಂದಿನಿಂದ ಬಂದಿದ್ದು ಸಾರ್, ಪದ್ಧತಿ” ಎಂದರು ಹೆಡ್ ಕ್ಲರ್ಕ್.

ಸಾಹೇಬರು ಅವಳ ಕಡೆ ತಿರುಗಿದರು. “ಪ್ರತಿ ಎಲ್ಲಿ?”

“ತರೋಕೆ ಹೋಗಿದ್ದಾರೆ ಸಾರ್.”

“ಹನ್ನೆರಡಕ್ಕೆ ಪಟ್ಟಿಗೆ ಸಹಿ ಹಾಕ್ತೀನಿ. ಅಲ್ಲೀವರೆಗೆ ನೋಡ್ತೀನಿ.”

ಗೋಡೆಯ ಗಡಿಯಾರದ ಕೆಳಗೆ ಅವಳು ನಿಂತೇ ಇದ್ದಳು. ಟೈಪಾದ ಪಟ್ಟಿ ಮೇಜಿನ ಮೇಲಿತ್ತು. ಇಪ್ಪತ್ಮೂರು ಹೆಸರು, ಕೆಳಗೆ ಒಂದು ಹೆಸರಿಗೆ ಜಾಗ. ಹನ್ನೊಂದು ಐವತ್ತು. ಐವತ್ತೈದು. ಸಾಹೇಬರು ಪೆನ್ನು ತೆಗೆದು, ಪಟ್ಟಿಯನ್ನು ಹತ್ತಿರ ಎಳೆದುಕೊಂಡರು.

ಬಾಗಿಲ ಬಳಿ ಬರಿಗಾಲಿನ ಸದ್ದು. ದರ್ಜಿ ಅಕ್ಕ ನೀಲಿ ಅಂಗಿಯೊಂದನ್ನು ಹಾಗೇ ಮೇಜಿನ ಮೇಲೆ ಇಟ್ಟಳು. ಏದುಸಿರು ಬಿಡುತ್ತ ಅದರ ಕಾಲರಿನ ಕಡೆ ಬೆರಳು ತೋರಿಸಿದಳು. ಕಾಲರಿಗೆ ಗುಂಡುಪಿನ್ನಿನಲ್ಲಿ ಚುಚ್ಚಿದ್ದ ಕಾಗದವನ್ನು ಸಾಹೇಬರು ಬಿಡಿಸಿ ನೋಡಿದರು. ಅದೇ ತಾರೀಖು, ಅದೇ 5.20, ಅದೇ ಚಿಕ್ಕ ಸಹಿ.

“ಸಾರ್, ಮೊಹರು ಇವಳ ಕೈಲೇ ಇರುತ್ತೆ” ಎಂದರು ಹೆಡ್ ಕ್ಲರ್ಕ್ ಮೆಲ್ಲಗೆ. “ತಾರೀಖು ಹಿಂದಕ್ಕೆ ತಿರುಗಿಸಿ ಎರಡಕ್ಕೂ ಇವತ್ತು ಬೆಳಿಗ್ಗೆ ಒತ್ತಿರಬಹುದು.”

“ನಿನ್ನೆನೇ ಒತ್ತಿದ್ದು ಸಾರ್” ಎಂದಳು ಅವಳು.

ಸಾಹೇಬರು ಕಾಗದ ಮಗುಚಿದರು. ಹಿಂದೆ ಪೆನ್ಸಿಲ್ ಅಕ್ಷರ: ಎದೆ, ತೋಳು, ಕತ್ತು, ಸೊಂಟ. “ಇದು ಯಾರ ಅಂಗಿ?”

ಬಾಗಿಲಲ್ಲಿ ನಿಂತಿದ್ದ ಡ್ರೈವರ್ ತಲೆ ಕೆರೆದುಕೊಂಡ. “ನಂದೇ ಸಾರ್.”

“ಅಳತೆ ಯಾವಾಗ ಕೊಟ್ಟೆ?”

“ನಿನ್ನೆ ಸಾಯಂಕಾಲ ಆರು ಗಂಟೆಗೆ. ನೀವು ಮೀಟಿಂಗಲ್ಲಿದ್ರಿ, ನಾನು ಗಾಡಿ ಹತ್ರ ಇದ್ದೆ. ಈಯಮ್ಮ ಇದೇ ಕಾಗದದ ಮೇಲೆ ಬರ್ಕೊಂಡ್ಲು. ಮೊಹರು ನಾನೇ ನೋಡ್ದೆ. ಆಫೀಸಿನ ಕಾಗದದ ಮೇಲೆ ನನ್ನ ಹೊಟ್ಟೆ ಬರೀಬೇಡಮ್ಮ ಅಂತ ತಮಾಷೆ ಮಾಡ್ದೆ.” ಸ್ವಲ್ಪ ತಡೆದು ಸೇರಿಸಿದ: “ಸೊಂಟದ ಅಳತೆ ಮಾತ್ರ ಜೋರಾಗಿ ಓದ್ಬೇಡಿ ಸಾರ್.”

ದರ್ಜಿ ಅಕ್ಕ ಅಷ್ಟು ಏದುಸಿರಿನಲ್ಲೂ ನಕ್ಕುಬಿಟ್ಟಳು. ಸಾಹೇಬರು ನಗಲಿಲ್ಲ. ಪಟ್ಟಿಯ ಕೊನೆಗೆ ಇಪ್ಪತ್ನಾಲ್ಕು ಎಂದು ತಮ್ಮ ಕೈಯಾರೆ ಬರೆದು ದರ್ಜಿಯ ಹೆಸರು ಸೇರಿಸಿ ಸಹಿ ಹಾಕಿದರು. ಹೆಡ್ ಕ್ಲರ್ಕ್ ಕೈಯಲ್ಲಿದ್ದ ಹೊಸ ಕಾಗದದ ಕಡೆ ನೋಡಿ, “ಅದು ಇವತ್ತು ಬಂದಿದ್ದಾದ್ರೆ ಇವತ್ತಿನ ನಂಬರು ಹಾಕಿಸಿ” ಎಂದರು. ಹೆಡ್ ಕ್ಲರ್ಕ್ ಅದನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟರು.

ಎಲ್ಲರೂ ಹೋದ ಮೇಲೆ ಸಾಹೇಬರು ಅವಳನ್ನು ನಿಲ್ಲಿಸಿದರು. “ನಿಮ್ಮ ತಪ್ಪನ್ನ ನೀವೇ ಪುಸ್ತಕದಲ್ಲಿ ಬರ್ದಿದ್ದೀರಿ. ಓದೇ ಇಲ್ಲ ಅನ್ನೋಕೆ ನನಗಾಗಲ್ಲ.”

“ಗೊತ್ತು ಸಾರ್.”

ನಾಲ್ಕು ಗಂಟೆಗೆ ಅವಳ ಮೆಮೊ ಅವಳ ಮೇಜಿಗೇ ಬಂತು. ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಔಟ್‌ವರ್ಡ್ ನಂಬರು ಕೊಡಬೇಕಾದವಳೂ ಅವಳೇ ತಾನೆ. ಕರ್ತವ್ಯದಲ್ಲಿ ನಿರ್ಲಕ್ಷ್ಯ, ಪ್ರೊಬೇಷನ್ ಅವಧಿ ಆರು ತಿಂಗಳು ಮುಂದಕ್ಕೆ. ಎರಡು ಸಲ ಓದಿದಳು. ನಂಬರು ಹಾಕಿದಳು. ‘ಯಾರಿಗೆ’ ಎಂಬಲ್ಲಿ ‘ಟಪಾಲು ಗುಮಾಸ್ತೆ’ ಎಂದು ಬರೆದಳು. ಕಳುಹಿಸಿದವರ ಜಾಗದಲ್ಲೊಂದು, ಪಡೆದವರ ಜಾಗದಲ್ಲೊಂದು ಸಹಿ ಹಾಕಿ, ತನ್ನ ಪ್ರತಿಯನ್ನು ಚೀಲಕ್ಕೆ ಸೇರಿಸಿದಳು. ಗಡಿಯಾರದ ಹಿಂದೆ ಇಡುವಂಥ ಕಾಗದವಲ್ಲ. ಆದರೂ ಅಮ್ಮನಿಗೆ ಇವತ್ತೇ ತೋರಿಸಬೇಕು. ಪರದೆ ಇನ್ನಾರು ತಿಂಗಳು ಹೆಚ್ಚಿಗೆ ಹಾಗೇ ಇರುತ್ತದೆ, ಭಾವನ ರಿಮೋಟಿನ ಮಾತು ಇನ್ನಷ್ಟು ಸಲ ಕೇಳಬೇಕಾಗುತ್ತದೆ.

ಐದೂವರೆಗೆ ಕಿಟಕಿ ಮುಚ್ಚಿದಳು. ರಬ್ಬರ್ ಹಾಳೆ ಎತ್ತಿ ಕೆಳಗೆ ನೋಡಿದಳು. ಏನೂ ಇರಲಿಲ್ಲ. ಇನ್‌ವರ್ಡ್ ಪುಸ್ತಕದ ಕೊನೆಯ ಕಾಗದ 1204, ಬೀದಿ ದೀಪ ಉರಿಯುತ್ತಿಲ್ಲವೆಂಬ ದೂರು.

ಹೆಡ್ ಕ್ಲರ್ಕ್ ಊಟದ ಡಬ್ಬಿ ಹಿಡಿದು ಮನೆಗೆ ಹೊರಟವರು ಅವಳ ಮೇಜಿನ ಬಳಿ ನಿಧಾನಿಸಿದರು. “ಎರಡು ಬಿಟ್ಟೆಯಾ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಭ್ಯಾಸ ಇತ್ತು. ಅವಧಿ ಮುಗಿದಾಗ ಅವಳ ವರದಿ ಬರೆಯಬೇಕಾದವರೂ ಅವರೇ.

ಅವಳು ಸ್ಕೇಲನ್ನು 1204ರ ಕೆಳಗೆ, ಅಕ್ಷರಗಳ ಕಾಲಿಗೆ ತಾಗುವಷ್ಟು ಹತ್ತಿರ ಒತ್ತಿ ಹಿಡಿದು, ಕೆಂಪು ಗೆರೆ ಎಳೆದಳು.

“ಇಲ್ಲ ಸಾರ್” ಎಂದಳು.