ಹರಿಹರಕ್ಕೆ ಹೋದ ಆದೇಶ

ದಾವಣಗೆರೆಯ ವಿದ್ಯಾನಗರದಲ್ಲೊಂದು, ಹರಿಹರದಲ್ಲೊಂದು, ಹೀಗೆ ಕರಿಬಸವರಾಜರಿಗೆ ಎರಡು ಸಭಾಭವನಗಳಿದ್ದವು. ಎರಡರ ಮೈಕಿನ ಉಸ್ತುವಾರಿಯೂ ನಿಟ್ಟುವಳ್ಳಿಯ ಮೀನಾಕ್ಷಿಯದೇ. ಈಚೆಗೆ ಎರಡೂ ಕಡೆಯ ಆಂಪ್ಲಿಫೈಯರುಗಳನ್ನು ಒಂದೇ ನೆಟ್‌ವರ್ಕಿಗೆ ಸೇರಿಸಿದ ಮೇಲೆ ಅವಳಿಗೆ ಓಡಾಟ ತಪ್ಪಿತ್ತು. ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಆದೇಶ ಬರೆದು ಎಂಟರ್ ಒತ್ತಿದರೆ ಸಾಕು, ಯಂತ್ರ ಹೇಳಿದಷ್ಟು ಮಾಡಿ 'ಓಕೆ' ಎಂದು ಮರುಬರೆಯುತ್ತಿತ್ತು. ಮನುಷ್ಯರಿಗಿಂತ ಇದೇ ವಾಸಿ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಆ ಶನಿವಾರ ಮಧ್ಯಾಹ್ನ ವಿದ್ಯಾನಗರದ ಭವನದಲ್ಲಿ ಕಾಲೇಜಿನವರ ಗೋಷ್ಠಿಯಿತ್ತು. ಹನ್ನೊಂದೂವರೆಗೆ ಮೀನಾಕ್ಷಿ ಮೈಕು ಪರೀಕ್ಷಿಸಲು ಕುಳಿತಳು. ದನಿ ಇಪ್ಪತ್ತಕ್ಕೆ ಏರಲಿ ಎಂದು ಬರೆದಳು. ಓಕೆ ಎಂದಿತು. ಮೈಕಿನಲ್ಲಿ "ಹಲೋ" ಅಂದಳು. ಏನೂ ಕೇಳಲಿಲ್ಲ. ಮೂವತ್ತೈದು ಎಂದು ಬರೆದಳು. ಅದಕ್ಕೂ ಓಕೆ. ಆದರೂ ಸದ್ದಿಲ್ಲ. ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿ ಬಂದು, ಈಗ ದನಿ ಎಷ್ಟಿದೆ ಎಂದು ಯಂತ್ರವನ್ನೇ ಕೇಳಿದಳು. ಹನ್ನೆರಡು ಎಂದಿತು.

ಅವಳು ನಲವತ್ತು ಎಂದು ಬರೆದಳು. ಅರೆಗಳಿಗೆ ಬಿಟ್ಟು ಕೇಳಿದರೆ ಮತ್ತೆ ಹನ್ನೆರಡು.

"ಏನವ್ವ, ಆತೇನು?" ಎನ್ನುತ್ತ ಕರಿಬಸವರಾಜರು ಬಂದರು.

"ನಾ ಏರಿಸ್ತೀನ್ರಿ, ಯಾರೋ ಇಳಿಸ್ತಾರೆ."

"ಯಾರು ಇಳಿಸ್ತಾರೆ? ಇಲ್ಲಿ ಇರೋರೇ ನಾವಿಬ್ರು."

ಮೀನಾಕ್ಷಿ ಮತ್ತೆ ಪರದೆಯತ್ತ ಬಗ್ಗಿದಳು. ಮೊದಲಿನಿಂದ ಶುರು ಮಾಡೋಣವೆಂದು ದನಿಯನ್ನು ಪೂರ್ತಿ ಮುಚ್ಚುವ ಆದೇಶ ಕೊಟ್ಟಳು. ಯಾರ ಕೈಯೂ ನಡೆಯದಿರಲೆಂದು ಯಂತ್ರದ ಗುಂಡಿಗೂ ಬೀಗ ಹಾಕಿದಳು. ಎರಡಕ್ಕೂ ಓಕೆ ಬಂತು. ಹಿಂದೆಯೇ ಫೋನ್ ಬಂತು. ಹರಿಹರದ ಭವನ ನೋಡಿಕೊಳ್ಳುವ ಫಜಲುಲ್ಲಾ.

"ಮೀನಾಕ್ಷಕ್ಕ, ಇಲ್ಲಿ ದೆವ್ವ ಹೊಕ್ಕೈತೆ. ಸನ್ಮಾನದಾಗ ಕಸ್ತೂರಮ್ಮ ಟೀಚರು ಮಾತಾಡ್ತಿದ್ರು, ಮೈಕು ತಾನೇ ಕಿರುಚಾಕ ಹತ್ತಿತು. ನಾ ಗುಂಡಿ ತಿರುವಿ ಇಳಿಸಿದ್ರೆ ಮತ್ತೆ ಏರ್ತೈತೆ. ಈಗ ಪೂರಾ ಬಂದ್. ಗುಂಡಿ ತಿರುವಿದ್ರೂ ಕೇಳವಲ್ದು."

ಅವನು ಹೇಳಿದ್ದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಕೊನೆಗೆ ಅವಳು ಯಂತ್ರಕ್ಕೆ ನಿನ್ನ ಹೆಸರೇನೆಂದು ಕೇಳುವ ಸಾಲು ಬರೆದಳು. ಉತ್ತರ ಬಂತು: ಹರಿಹರ.

ಹಿಂದಿನ ದಿನ ನೆಟ್‌ವರ್ಕಿನವನು ರೂಟರ್ ಡಬ್ಬಿ ಬದಲಿಸಿ ಹೋಗಿದ್ದ. ಆಗ, ಆದೇಶ ಯಾವ ಯಂತ್ರಕ್ಕೆ ಹೋಗಬೇಕೆಂದು ತಿಳಿಸುವ ನಂಬರುಗಳು ಅದಲುಬದಲಾಗಿದ್ದವು. ಅರ್ಧ ಗಂಟೆಯಿಂದ ಅವಳೂ ಫಜಲುಲ್ಲಾನೂ ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ ಕುಳಿತು ಒಬ್ಬರಿಗೊಬ್ಬರು ಎದುರಾಳಿಗಳಾಗಿದ್ದರು.

ಅವಳು ತಕ್ಷಣ ಬೀಗ ತೆಗೆದು ದನಿ ಬಿಟ್ಟಳು. "ಬ್ಯಾಡ ಬಿಡ್ರಿ," ಎಂದ ಫಜಲುಲ್ಲಾ. "ಟೀಚರು ಅರ್ಧಕ್ಕೇ ಕುಂತ್ಬಿಟ್ರು. ಜನ ಊಟಕ್ಕೆ ಎದ್ರು."

"ಕರೆಂಟ್ ಹೋತು ಅಂತ ಹೇಳಿಸು, ಮುಗೀತು," ಎಂದರು ಕರಿಬಸವರಾಜರು.

ಮೀನಾಕ್ಷಿ ಫೋನ್ ಇಟ್ಟು ಲ್ಯಾಪ್‌ಟಾಪಿನತ್ತ ತಿರುಗಿದಳು. ನಂಬರು ಸರಿಪಡಿಸಿ, ಗೋಷ್ಠಿಗೆ ಬೇಕಾದಷ್ಟು ದನಿ ಇಟ್ಟು, "ಇದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿ ಹರಿಹರದ ಬಸ್ ಹತ್ತಿದಳು.

ಅವಳು ಹೋದಾಗ ಊಟದ ಎರಡನೇ ಪಂಕ್ತಿ ನಡೆದಿತ್ತು. ನಿವೃತ್ತಿಯ ಸನ್ಮಾನ ಮಾಡಿಸಿಕೊಂಡಿದ್ದ ಕಸ್ತೂರಮ್ಮ, ಹಾರಗಳನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಖಾಲಿ ವೇದಿಕೆಯಲ್ಲಿ ಒಬ್ಬರೇ ಕುಳಿತಿದ್ದರು. ಮೀನಾಕ್ಷಿ ನಡೆದದ್ದನ್ನೆಲ್ಲ ಹೇಳಿದಳು. ಅವರಿಗೆ ಪೂರ್ತಿ ಅರ್ಥವಾದಂತೆ ಕಾಣಲಿಲ್ಲ.

"ನೀ ದಾವಣಗೆರ್ಯಾಗ ಕುಂತು ಬರೆದದ್ದು ಇಲ್ಲಿ ನನ್ನ ಬಾಯಿ ಮುಚ್ಚಿಸ್ತೇನು?"

"ಹೂನ್ರಿ ಟೀಚರ್. ತಪ್ಪಾತು."

"ನಾ ಬಾಳ ಹೊತ್ತು ಮಾತಾಡಿದೆ, ಸಾಕಾಗಿ ಯಾರೋ ಬಂದ್ ಮಾಡಿಸಿದ್ರು ಅಂದ್ಕಂಡೆ." ಅವರು ಮಡಿಲಲ್ಲಿದ್ದ ಕಾಗದವನ್ನು ಬಿಡಿಸಿದರು. "ಎಲ್ಲಾರ ಹೆಸರೂ ಹೇಳಿದ್ದೆ. ಕೊನೇದು ಅಂಜಿನವ್ವಂದು, ಬಿಸಿಯೂಟ ಮಾಡ್ತಿದ್ದಾಕೆ. ಅದೊಂದು ಉಳೀತು. ಆಕಿ ಹಿಂದಿನ ಸಾಲಿನಾಗೇ ಕುಂತಿದ್ಲು."

"ಈಗ ಹೇಳ್ರಿ," ಎಂದಳು ಮೀನಾಕ್ಷಿ. "ಊಟದ ಮನೆಯಾಗೂ ಸ್ಪೀಕರ್ ಐತೆ."

ಕಸ್ತೂರಮ್ಮ ಅನುಮಾನಿಸುತ್ತಲೇ ಎದ್ದು ಮೈಕಿನ ಮುಂದೆ ನಿಂತರು. "ಇಪ್ಪತ್ತು ವರ್ಷ ನಮ್ಮ ಶಾಲೆ ಮಕ್ಕಳು ಹಸಕೊಂಡು ಪಾಠ ಕೇಳಲಿಲ್ಲ," ಎಂದರು. "ನಾ ಕಲಿಸಿದ್ದು ಅವರ ತಲೆಗೆ ಹತ್ತಿದ್ರೆ, ಅದು ಅಂಜಿನವ್ವನ ಕೈಗುಣ."

ಊಟದ ಮನೆಯಲ್ಲಿ ಗದ್ದಲ ನಿಂತಿತು. ಅನ್ನ ಕಲಸುತ್ತಿದ್ದ ಅಂಜಿನವ್ವ ತಲೆಯೆತ್ತಿ, ಗೋಡೆಯ ಮೇಲಿದ್ದ ಪೆಟ್ಟಿಗೆಯನ್ನು ದಿಟ್ಟಿಸಿದಳು.

"ಯಾರ್ನ ಕರೀತೈತೆ ಅದು?"

"ನಿನ್ನೇ ಕಣವ್ವ," ಎಂದಳು ಪಕ್ಕದಲ್ಲಿ ಕುಳಿತಿದ್ದ ಮಾಬೂಬೀ.

"ನನ್ನ ಯಾಕ? ನಾ ಏನು ಮಾಡ್ದೆ?" ಎನ್ನುತ್ತ ಅಂಜಿನವ್ವ ಗಾಬರಿಯಿಂದ ಎಂಜಲು ಕೈಯಲ್ಲೇ ಎದ್ದು, ಎಲೆಗಳ ನಡುವೆ ದಾರಿ ಹುಡುಕುತ್ತ ವೇದಿಕೆಯ ಕಡೆ ಹೊರಟಳು.